ಬರೆಯುವ ಮೊದಲು ಅಳಿಸಿ ನೋಡಿ

ಮಾನ್ಯ ಸಂಪಾದಕರೇ,

ಹಳೆ ಸೀರೆ, ಹಳೆ ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದವರಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂಚಿನಿಂದ ಹೊರಟ ಓಡು ಹೊಲಿಗೆ ಒಳಗೊಳಗೇ ಸುತ್ತಿಕೊಂಡು ಬರುತ್ತಿತ್ತು. ಹಾಕಿ ಮುಗಿಸಿದ ಸಾಲೇ ಮುಂದಿನ ಸಾಲಿಗೆ ಗೆರೆ. ಈಗ ಮೈಸೂರಿನಲ್ಲೂ ಮಂಡ್ಯದಲ್ಲೂ ಹೊಲಿಯುತ್ತಿರುವ ಕೌದಿಗಳು ಬೇರೆ ಬಗೆಯವು. ಹೊಸ ಕಾಟನ್ ಬಟ್ಟೆ, ನಡುವೆ ಹತ್ತಿಯ ಅಥವಾ ಪಾಲಿಯೆಸ್ಟರ್ ಹಾಸು, ಮೇಲೆ ಓರೆ ಚೌಕಳಿ, ಹೂ, ಬಳ್ಳಿ. ಇವಕ್ಕೆ ಮೊದಲು ಗುರುತು ಹಾಕಲೇಬೇಕು, ಹೊಲಿಗೆ ಮುಗಿದ ಮೇಲೆ ಆ ಗುರುತು ಹೋಗಲೇಬೇಕು. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಗಳು ಕೆಡುತ್ತಿರುವುದು ಇಲ್ಲಿಯೇ. ಬಿಳಿ ಬಟ್ಟೆಯ ಮೇಲೆ ನೀಲಿ ಗೆರೆ ಕಂದಾಗಿ ಕೂತುಬಿಡುತ್ತದೆ, ಕಪ್ಪು ಬಟ್ಟೆಯ ಮೇಲೆ ಮಾಸಲು ಬಿಳಿ ಗೀರು ಉಳಿಯುತ್ತದೆ, ತೊಳೆದು ಒಣಗಿಸಿದ ಮೇಲೆ ಹೋದ ಗೆರೆ ಮತ್ತೆ ಮೇಲೆ ಬರುತ್ತದೆ. ಹೆಚ್ಚಿನ ಸಲ ತಪ್ಪು ಹೊಲಿದವರದ್ದಲ್ಲ. ಗುರುತು ಹಾಕುವ ಪೆನ್ನು ಕೈಗೆ ಬಂತು, ಅದನ್ನು ಅಳಿಸುವ ಕ್ರಮ ಬರಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ನಾವೆಲ್ಲ ನೋಡುವುದು ಯಾವುದು ಚೆನ್ನಾಗಿ ಬರೆಯುತ್ತದೆ ಎಂದು. ಯಾವುದರಿಂದ ಹೋಗುತ್ತದೆ, ಯಾವುದು ತಾಗಿದರೆ ಶಾಶ್ವತವಾಗಿ ಕೂರುತ್ತದೆ ಎಂದು ಕೇಳಿ ಕೊಳ್ಳಬೇಕು. ಒಂದೇ ಡಬ್ಬದಲ್ಲಿ, ಒಂದೇ ಆಕಾರದಲ್ಲಿ ಬರುವ ಪೆನ್ನುಗಳಲ್ಲಿ ಮೂರು ಜಾತಿ ಇವೆ: ನೀರಿಗೆ ಹೋಗುವುದು, ಗಾಳಿಗೆ ಹೋಗುವುದು, ಬಿಸಿಗೆ ಹೋಗುವುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ನೀಲಿ ಬಣ್ಣದ, ನೀರಿಗೆ ಹೋಗುವ ಪೆನ್ನಿನಿಂದ ಆಗುವ ಹಾನಿಯೇ ಹೆಚ್ಚು, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ. ಗೆರೆ ಇರುವಾಗ ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬಾರದು, ಬಿಸಿಲಿಗೆ ಹಾಕಬಾರದು, ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಡಬಾರದು. ಬಿಸಿ ತಾಗಿದರೆ ಆ ಶಾಯಿ ಕಂದು ಕಲೆಯಾಗಿ ನೂಲಿಗೆ ಹಿಡಿಯುತ್ತದೆ. ಸೋಪಿನ ಪುಡಿ, ವಾಷಿಂಗ್ ಸೋಡಾಗಳಲ್ಲಿರುವ ಕ್ಷಾರವೂ ಇದೇ ಕೆಲಸ ಮಾಡಬಲ್ಲದು. ಹಾಗಾಗಿ ಮೊದಲ ನೀರು ಬರಿ ತಣ್ಣೀರೇ ಆಗಿರಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ, ಸ್ಪ್ರೇ ಬಾಟಲಿಯಿಂದ ನಾಲ್ಕು ಸಲ ಚಿಮುಕಿಸಿದರೆ ಗೆರೆ ಮಾಯವಾದಂತೆ ಕಾಣುತ್ತದೆ. ಅದು ಹೋಗಿರುವುದಿಲ್ಲ, ನೀರಿನ ಜೊತೆ ನಡುವಿನ ಹಾಸಿನೊಳಕ್ಕೆ ಇಳಿದಿರುತ್ತದೆ. ಮೇಲಿನ ಬಟ್ಟೆ ಒಣಗುತ್ತಾ ಬಂದ ಹಾಗೆ ದೀಪದ ಬತ್ತಿ ಎಣ್ಣೆ ಎಳೆದಂತೆ ಶಾಯಿಯನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಗೆರೆ ತಿರುಗಿ ಬರುವುದು ಇದೇ ಕಾರಣಕ್ಕೆ. ಇಡೀ ಕೌದಿ ಮುಳುಗುವಷ್ಟು ತಣ್ಣೀರು ದೊಡ್ಡ ಟಬ್ಬಿನಲ್ಲಿ ತುಂಬಿ, ಸೋಪು ಹಾಕದೆ ಅರ್ಧ ಗಂಟೆ ನೆನೆಸಿ. ಹಿಂಡದೆ ಒತ್ತಿ ನೀರು ತೆಗೆಯಿರಿ. ನೀರು ಬದಲಿಸಿ ಇನ್ನೊಮ್ಮೆ ನೆನೆಸಿ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಎಲ್ಲಾದರೂ ಮಸುಕು ನೀಲಿ ಕಂಡರೆ ಮತ್ತೆ ತಣ್ಣೀರು. ಪೂರ್ತಿ ಹೋಯಿತು ಎಂದು ಖಾತ್ರಿಯಾದ ಮೇಲಷ್ಟೇ ಸೋಪು, ಆಮೇಲೆ ಇಸ್ತ್ರಿ. ಈಗಾಗಲೇ ಕಂದಾಗಿರುವ ಗೆರೆಯ ಮೇಲೆ ಬ್ಲೀಚ್ ಸುರಿಯಬೇಡಿ.

ನೇರಳೆ ಬಣ್ಣದ, ಗಾಳಿಗೆ ಹೋಗುವ ಪೆನ್ನಿನ ಗೆರೆ ಒಂದು ದಿನದಿಂದ ಮೂರು ದಿನದೊಳಗೆ ತಾನಾಗಿ ಮಾಯವಾಗುತ್ತದೆ. ಮಳೆಗಾಲದಲ್ಲಿ, ಗಾಳಿಯಲ್ಲಿ ತೇವ ಹೆಚ್ಚಿರುವಾಗ, ಬೆಳಿಗ್ಗೆ ಹಾಕಿದ ಗೆರೆ ಸಂಜೆಗೇ ಇರುವುದಿಲ್ಲ. ಕೈಹೊಲಿಗೆಯ ಕೌದಿಗೆ ಇದು ನಿಷ್ಪ್ರಯೋಜಕ. ಒಮ್ಮೆ ಕೂತಾಗಲೇ ಮುಗಿಯುವ ಮೆಷಿನ್ ಹೊಲಿಗೆಗೆ ಮಾತ್ರ ಸರಿ. ಇಂಥ ಎಷ್ಟೋ ಶಾಯಿಗಳು ಕ್ಷಾರದಲ್ಲಿ ಬಣ್ಣ ತೋರಿಸಿ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ತಾಗಿ ಕ್ಷಾರ ಇಳಿದಾಗ ಬಣ್ಣ ಕಳೆದುಕೊಳ್ಳುವಂಥವು. ಕಣ್ಣಿಗೆ ಕಾಣದಿದ್ದರೂ ರಾಸಾಯನಿಕ ಬಟ್ಟೆಯಲ್ಲೇ ಕೂತಿರುತ್ತದೆ, ಸೋಪಿನ ನೀರು ಬಿದ್ದರೆ ಬಣ್ಣ ಮರಳಿ ಬರಬಹುದು. ಅದಕ್ಕೇ ಗೆರೆ ಮಾಯವಾದರೂ ಒಮ್ಮೆ ಬರಿ ನೀರಿನಲ್ಲಿ ಜಾಲಿಸಬೇಕು. ಕೆಲವು ಪೆನ್ನುಗಳಿಗೆ ಎರಡು ತುದಿ ಇರುತ್ತದೆ, ಒಂದು ಬರೆಯಲು, ಇನ್ನೊಂದು ಅಳಿಸಲು. ಅಳಿಸುವ ತುದಿಯಿಂದ ತಿದ್ದಿದ ಜಾಗವನ್ನೂ ಹೀಗೆಯೇ ಜಾಲಿಸಿ.

ಬಿಸಿಗೆ ಹೋಗುವುದು ಎಂದರೆ ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನು ಮತ್ತು ಅದೇ ತತ್ವದ ಬೇರೆ ಪೆನ್ನುಗಳು. ಇವು ಕಾಗದದ ಮೇಲೆ ಬರೆಯಲು ಹುಟ್ಟಿದವು, ಹೊಲಿಗೆಯವರು ತಮ್ಮ ಕೆಲಸಕ್ಕೆ ಎಳೆದುಕೊಂಡರು. ಗೆರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಣ್ಣ ಕಳೆದುಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆ ಒಮ್ಮೆ ಸವರಿದರೆ ಸಾಕು, ನೋಡಲು ಪವಾಡದಂತಿರುತ್ತದೆ. ಆದರೆ ಶಾಯಿ ಎಲ್ಲಿಗೂ ಹೋಗಿರುವುದಿಲ್ಲ, ಬಣ್ಣವಿಲ್ಲದೆ ಅಲ್ಲೇ ಇರುತ್ತದೆ. ಮೈನಸ್ 10 ಡಿಗ್ರಿಗಿಂತ ಕೆಳಗಿಳಿದರೆ ಮರಳಿ ಮೂಡಲು ಶುರುವಾಗುತ್ತದೆ. ಮೈಸೂರಿನ ಚಳಿಗೆ ಆ ಭಯವಿಲ್ಲ ನಿಜ, ಆದರೆ ಹೊರದೇಶದ ಮಗಳ ಮನೆಗೆ ಡಿಸೆಂಬರಿನಲ್ಲಿ ಪಾರ್ಸೆಲ್ ಕಳಿಸುವ ಕೌದಿಗೆ ಇದೆ. ಗಾಢ ಬಣ್ಣದ ಬಟ್ಟೆಯ ಮೇಲಾದರೆ ಇಸ್ತ್ರಿಯ ನಂತರವೂ ಬಿಳಿಚಿದ ನೆರಳುಗೆರೆ ಉಳಿಯುವುದುಂಟು. ಕತ್ತರಿಸುವ ಗೆರೆಗೆ, ಹೊಲಿಗೆಯ ಮಡಿಕೆಯೊಳಗೆ ಮುಚ್ಚಿಹೋಗುವ ಗುರುತಿಗೆ ಇದನ್ನು ಧಾರಾಳವಾಗಿ ಬಳಸಿ. ಕೌದಿಯ ಮೇಲ್ಮೈಗೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಮೇಲ್ಮೈಗೆ ಯಾವುದು? ಗಾಢ ಬಣ್ಣದ ಕಾಟನ್ನಿಗೆ ಬಳಪಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಸೋಮನಾಥಪುರದ ದೇವಾಲಯದ ಕಲ್ಲನ್ನು ಬಳಪದ ಕಲ್ಲು ಎಂದೇ ಕರೆಯುತ್ತೇವಲ್ಲ, ಆ ಮೆದುಗಲ್ಲಿನ ಕಡ್ಡಿ. ವೆಲ್ಡಿಂಗ್ ಮಾಡುವವರು ಕಬ್ಬಿಣದ ಮೇಲೆ ಗುರುತು ಹಾಕಲು ಬಳಸುವ ಚಪ್ಪಟೆ ಕಡ್ಡಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಅದೂ ಇದೇ. ಇದರಲ್ಲಿ ಮೇಣವಿಲ್ಲ, ಬಣ್ಣವಿಲ್ಲ. ಬೆರಳಿಗೆ ನುಣುಪಾಗಿ, ಜಿಡ್ಡಿನಂತೆ ತಾಗಿದರೂ ಜಿಡ್ಡು ಬಿಡುವುದಿಲ್ಲ. ಮರಳುಕಾಗದದ ಮೇಲೆ ಎರಡೂ ಬದಿ ಉಜ್ಜಿ ಉಳಿಯ ಬಾಯಿಯಂತೆ ಚೂಪು ಮಾಡಿಕೊಂಡರೆ ಕೂದಲೆಳೆಯಂಥ ಗೆರೆ ಬರುತ್ತದೆ. ಒರೆಸಿದರೆ ಅರ್ಧ ಹೋಗುತ್ತದೆ, ತೊಳೆದರೆ ಪೂರ್ತಿ. ಕೊರತೆ ಒಂದೇ, ಕೈ ಓಡಾಡಿದಂತೆ ಗೆರೆ ಮಾಸುತ್ತದೆ. ಆದ್ದರಿಂದ ಇಡೀ ಕೌದಿಗೆ ಒಮ್ಮೆಲೇ ಗೆರೆ ಎಳೆಯದೆ, ಆ ದಿನ ಹೊಲಿಯುವ ಒಂದು ಅಡಿ ಜಾಗಕ್ಕೆ ಮಾತ್ರ ಎಳೆದುಕೊಳ್ಳಿ. ಸ್ನಾನದ ಸೋಪಿನ ಸವೆದ ಚೂರನ್ನು ಬಳಸುವ ಹಳೆಯ ಪದ್ಧತಿಯೂ ಕೆಟ್ಟದ್ದಲ್ಲ. ಆದರೆ ಬಣ್ಣದ, ಎಣ್ಣೆಯಂಶ ಹೆಚ್ಚಿರುವ ಸೋಪು ಬೇಡ, ಬಿಳಿ ಸಾದಾ ಸೋಪಿರಲಿ. ಅದರ ಮೇಲೆ ಇಸ್ತ್ರಿ ಹಾಕಬೇಡಿ.

ದರ್ಜಿಗಳು ಗುರುತು ಹಾಕುವ ಚಾಕ್‌ನಲ್ಲಿ ಎರಡು ಬಗೆ ಇವೆ, ನೋಡಲು ಮಾತ್ರ ಅವಳಿಜವಳಿ. ಉಗುರಿನಿಂದ ಗೀರಿ ನೋಡಿ: ಪುಡಿ ಉದುರಿದರೆ ಮಣ್ಣಿನದು, ತೆಳು ಸಿಪ್ಪೆ ಎದ್ದರೆ ಮೇಣದ್ದು. ಮೇಣದ ಚಾಕ್ ಉಣ್ಣೆಯ ಕೋಟಿಗೆ ಹೇಳಿ ಮಾಡಿಸಿದ್ದು, ಇಸ್ತ್ರಿ ಹಾಕಿದರೆ ಕರಗಿ ಮಾಯವಾಗುತ್ತದೆ. ಅದೇ ಕಾಟನ್ ಮೇಲೆ, ಅದರಲ್ಲೂ ಪಾಲಿಯೆಸ್ಟರ್ ಮೇಲೆ, ಕರಗಿದ ಮೇಣ ಎಣ್ಣೆಯ ಕಲೆಯಾಗುತ್ತದೆ. ಮಣ್ಣಿನ ಚಾಕ್‌ನಲ್ಲೂ ಬಿಳಿಯದನ್ನೇ ಕೊಳ್ಳಿ. ಹಳದಿ, ಗುಲಾಬಿ, ನೀಲಿ ಚಾಕ್‌ಗಳ ಬಣ್ಣ ಬಟ್ಟೆಗೆ ಹತ್ತುವ ಸಂಭವವಿದೆ. ಶಾಲೆಯ ಸೀಮೆಸುಣ್ಣವನ್ನು ಬಳಸುವವರಿಗೆ ಒಂದು ಲೆಕ್ಕ ಹೇಳಬೇಕು. ಅದರ ಮೊಂಡು ತುದಿಯ ಗೆರೆ ದಪ್ಪ. ಗೆರೆಯ ಯಾವ ಅಂಚಿನಲ್ಲಿ ಕತ್ತರಿ ಆಡಿಸಿದಿರಿ ಎಂಬುದರಲ್ಲೇ ಒಂದು ಮಿಲಿಮೀಟರ್ ಆಚೀಚೆಯಾಗುತ್ತದೆ. ತೇಪೆಯ ಎರಡು ಬದಿಯಲ್ಲೂ ಒಂದೊಂದು ಮಿಲಿಮೀಟರ್ ತಪ್ಪಿದರೆ, 12 ತೇಪೆಗಳ ಸಾಲಿನಲ್ಲಿ 24 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಇಂಚು. ಪಕ್ಕದ ಸಾಲಿಗೆ ಜೋಡಿಸುವಾಗ ಮೂಲೆಗಳು ಕೂಡುವುದೇ ಇಲ್ಲ.

ತಿಳಿ ಬಣ್ಣದ ಬಟ್ಟೆಗೆ ಸೀಸದ ಪೆನ್ಸಿಲ್ ಅನ್ನು ಕೆಲವರು ಪಾಪದಂತೆ ದೂರ ಇಡುತ್ತಾರೆ. ಸರಿಯಾಗಿ ಬಳಸಿದರೆ ಅದು ನಂಬಿಕಸ್ಥ ಸಾಧನ, ಬಿಸಿಗೆ ಬಣ್ಣ ತಿರುಗುವುದಿಲ್ಲ, ತಿಂಗಳಾದರೂ ಮಾಯವಾಗುವುದಿಲ್ಲ. ಮೆದು ಸೀಸದ 2ಬಿ ಬೇಡ, ಅದರ ಪುಡಿ ದಾರಕ್ಕೆ ಹತ್ತಿ ಹೊಲಿಗೆಯ ಸಾಲೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಎಚ್ ಅಥವಾ ಎಚ್‌ಬಿ ಸೀಸವನ್ನು 0.5 ಮಿಲಿಮೀಟರಿನ ಕ್ಲಚ್ ಪೆನ್ಸಿಲ್‌ಗೆ ಹಾಕಿ, ಒತ್ತದೆ ಎಳೆಯಿರಿ. ಬಟ್ಟೆಗೆ ಮೊದಲೇ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೆ ಇನ್ನೂ ಒಳ್ಳೆಯದು. ಸೀಸ ನೂಲಿನ ಬದಲು ಗಂಜಿಯ ಪದರದ ಮೇಲೆ ಕೂರುತ್ತದೆ, ತೊಳೆದಾಗ ಗಂಜಿಯ ಜೊತೆಗೇ ಹೊರಡುತ್ತದೆ. ಹಠ ಹಿಡಿದ ಗೆರೆಗೆ ಮುಕ್ಕಾಲು ಲೋಟ ನೀರು, ಕಾಲು ಲೋಟ ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್, ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಹಳೆ ಟೂತ್‌ಬ್ರಷ್‌ನಿಂದ ಗೆರೆಯುದ್ದಕ್ಕೂ ಮೆಲ್ಲಗೆ ತಿಕ್ಕಿ. ಬಣ್ಣ ಬಿಡುವ ಬಟ್ಟೆಗೆ ಇದನ್ನು ಹಾಕುವ ಮೊದಲು ಚೂರಿನ ಮೇಲೆ ನೋಡಿಕೊಳ್ಳಿ. ಟೈಪಿಂಗ್ ಕಾರ್ಬನ್ ಕಾಗದವನ್ನಂತೂ ಕೌದಿಯ ಹತ್ತಿರ ಸುಳಿಯಗೊಡಬೇಡಿ.

ಹೂ ಬಳ್ಳಿಯ ನಮೂನೆ ಇಳಿಸಲು ಕೊಕ್ಕೆ ಸೂಜಿಯಿಂದ ಕಸೂತಿ ಹಾಕುವ ಆರಿ ಕೆಲಸದವರ ದಾರಿ ಚೆನ್ನ. ಬಟರ್ ಪೇಪರ್ ಮೇಲೆ ಚಿತ್ರ ಬರೆದು, ಸೂಜಿಯಿಂದ ಎರಡೆರಡು ಮಿಲಿಮೀಟರಿಗೆ ಚುಚ್ಚಿ, ಹಿಂಬದಿಯ ಉಬ್ಬುಗಳನ್ನು ಮರಳುಕಾಗದದಿಂದ ಉಜ್ಜಿ, ತೆಳು ಬಟ್ಟೆಯಲ್ಲಿ ಕಟ್ಟಿದ ಚಾಕ್ ಪುಡಿಯ ಗಂಟಿನಿಂದ ತಟ್ಟಬೇಕು. ಅವರು ಪುಡಿಗೆ ಸೀಮೆಎಣ್ಣೆ ಬೆರೆಸುವುದು ಗುರುತು ಗಟ್ಟಿಯಾಗಿ ನಿಲ್ಲಲೆಂದು. ನಮಗೆ ಬೇಕಾದದ್ದು ಹೋಗುವ ಗುರುತು, ಅಲ್ಲದೆ ಆ ವಾಸನೆ ಹಾಸಿನೊಳಗೆ ಉಳಿಯುತ್ತದೆ. ಒಣ ಪುಡಿಯೇ ಸಾಕು. ತಟ್ಟಿದ ಕೂಡಲೇ ಚುಕ್ಕಿಗಳನ್ನು ಬಳಪದಿಂದ ಸೇರಿಸಿಬಿಡಿ.

ಬಣ್ಣವೇ ಇಲ್ಲದ ಗುರುತು ಇನ್ನೂ ನಿಶ್ಚಿಂತೆ. ಜಪಾನಿನವರು ಹೆರಾ ಎಂಬ ಚಪ್ಪಟೆ ಸಾಧನದಿಂದ ಬಟ್ಟೆಯ ಮೇಲೆ ಒತ್ತುಗೆರೆ ಎಳೆಯುತ್ತಾರೆ. ಬೆಣ್ಣೆ ಸವರುವ ಚಾಕುವಿನ ಬೆನ್ನು, ನಯಗೊಳಿಸಿದ ಬಿದಿರಿನ ಸೀಳೂ ಅದೇ ಕೆಲಸ ಮಾಡುತ್ತವೆ. ಸ್ಕೇಲ್ ಇಟ್ಟು ಒತ್ತಿ ಎಳೆಯಿರಿ. ಒಂದು ಬಣ್ಣದ ಕಾಟನ್ ಮೇಲೆ, ಪಕ್ಕದಿಂದ ಬೆಳಕು ಬಿದ್ದಾಗ ಗೆರೆ ಸ್ಪಷ್ಟ. ಪಾಲಿಯೆಸ್ಟರ್ ಪುಟಿದು ಮೊದಲಿನಂತಾಗುತ್ತದೆ, ದಟ್ಟ ಪ್ರಿಂಟಿನಲ್ಲಿ ಏನೂ ಕಾಣುವುದಿಲ್ಲ. ನೇರ ಗೆರೆಗೆ ಪೇಂಟ್ ಅಂಗಡಿಯ ಮಾಸ್ಕಿಂಗ್ ಟೇಪನ್ನೂ ಅಂಟಿಸಿ ಅದರ ಅಂಚಿಗೆ ಹೊಲಿಯಬಹುದು. ಆ ಸಂಜೆಯೇ ಕಿತ್ತುಬಿಡಿ, ಏಪ್ರಿಲ್ ಸೆಖೆಯಲ್ಲಿ ರಾತ್ರಿ ಬಿಟ್ಟರೆ ಅಂಟು ಬಟ್ಟೆಗೆ ಇಳಿಯುತ್ತದೆ.

ಮೈಸೂರಿನಲ್ಲಿ ರೇಷ್ಮೆ ಸೀರೆಯ ತುಂಡುಗಳಿಂದ ಕೌದಿ ಮಾಡುವವರಿದ್ದಾರೆ. ರೇಷ್ಮೆಯ ಮೇಲೆ ಬರಿ ನೀರಿನ ಹನಿಯೇ ಕಲೆ ಮಾಡಬಲ್ಲದು, ಆದ್ದರಿಂದ ಮೇಲೆ ಹೇಳಿದ ಯಾವ ಪೆನ್ನೂ ಬೇಡ. ಸಣ್ಣ ಸೂಜಿಯಲ್ಲಿ, ಬಣ್ಣ ಬಿಡದ ತಿಳಿ ದಾರದಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿ, ಆಮೇಲೆ ದಾರ ಎಳೆದುಬಿಡಿ. ನಿಧಾನದ ಕೆಲಸ, ಆದರೆ ಕಲೆಯ ಭಯವಿಲ್ಲ.

ಯಾವ ಸಾಧನವಾದರೂ ಕೌದಿಗೆ ಹಾಕುವ ಪ್ರತಿಯೊಂದು ಬಟ್ಟೆಯಿಂದಲೂ ಒಂದು ಗೇಣು ಪಟ್ಟಿ ಕತ್ತರಿಸಿ, ಕೆಳಗೆ ಅದೇ ಹಾಸಿನ ಚೂರಿಟ್ಟು ಹೊಲಿದು ನಾಲ್ಕು ಗೆರೆ ಎಳೆಯಿರಿ. ನಂತರ ಪಟ್ಟಿಯನ್ನು ನಾಲ್ಕಾಗಿ ಕತ್ತರಿಸಿ. ಒಂದನ್ನು ತಣ್ಣೀರಿಗೆ ಹಾಕಿ, ಒಂದನ್ನು ನೇರವಾಗಿ ಸೋಪಿನ ನೀರಿಗೆ, ಒಂದಕ್ಕೆ ಇಸ್ತ್ರಿ ಹಾಕಿ ಆಮೇಲೆ ತೊಳೆಯಿರಿ. ಕೊನೆಯದನ್ನು, ನಿಮ್ಮ ಹೊಲಿಗೆ ಎಷ್ಟು ವಾರ ಹಿಡಿಯುತ್ತದೋ ಅಷ್ಟು ವಾರ ಇಟ್ಟು ತೊಳೆಯಿರಿ. ಫ್ರಿಕ್ಷನ್ ಜಾತಿಯ ಪೆನ್ನಾದರೆ ಇಸ್ತ್ರಿ ಹಾಕಿದ ಚೂರನ್ನು ರಾತ್ರಿ ಫ್ರೀಜರಿನಲ್ಲಿಡಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ಅದರ ಗುಟ್ಟನ್ನು ಬೆಳಗಾಗುವುದರೊಳಗೆ ಹೇಳುತ್ತದೆ. ಒಂದು ಬಟ್ಟೆಯಲ್ಲಿ ಹೋದದ್ದು ಇನ್ನೊಂದರಲ್ಲಿ ಹೋಗುತ್ತದೆ ಎಂದು ನಂಬಬೇಡಿ.

ಈ ಪತ್ರದ ಮೂಲಕ ಇಬ್ಬರಲ್ಲಿ ಕೋರಿಕೆ. ಟೈಲರಿಂಗ್ ಸಾಮಾನು ಮಾರುವ ನಮ್ಮೂರ ಅಂಗಡಿಯವರು ಈ ಪೆನ್ನುಗಳನ್ನು ಡಬ್ಬದಿಂದ ಬಿಡಿಯಾಗಿ ತೆಗೆದು ಕೊಡುತ್ತಾರೆ, ಸೂಚನೆ ಇರುವ ಹೊದಿಕೆ ಅಂಗಡಿಯಲ್ಲೇ ಉಳಿಯುತ್ತದೆ. ಇದ್ದರೂ ಅದು ಕನ್ನಡದಲ್ಲಿರುವುದಿಲ್ಲ. ನೀರು, ಗಾಳಿ, ಬಿಸಿ ಎಂದು ಮೂರು ಡಬ್ಬಗಳ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ, ನೀಲಿಯದನ್ನು ಕೊಡುವಾಗ “ಮೊದಲು ತಣ್ಣೀರು, ಆಮೇಲೆ ಸೋಪು, ಕೊನೆಗೆ ಇಸ್ತ್ರಿ” ಎಂದು ಬಾಯಲ್ಲಿ ಹೇಳಿದರೂ ಸಾಕು. ಹೊಲಿಗೆ ತರಬೇತಿ ಕೇಂದ್ರಗಳು ಅಳತೆ, ಕತ್ತರಿ ಕಲಿಸುವ ವಾರದಲ್ಲೇ ಈ ನಾಲ್ಕು ಚೂರಿನ ಪರೀಕ್ಷೆಯನ್ನು ಪ್ರತಿಯೊಬ್ಬರ ಕೈಯಿಂದಲೂ ಮಾಡಿಸಲಿ, ಫಲಿತಾಂಶದ ಚೂರುಗಳನ್ನು ನೋಟ್‌ಬುಕ್ಕಿಗೆ ಪಿನ್ ಮಾಡಿಸಲಿ.

ಮಾರಾಟಕ್ಕೆ ಕೌದಿ ಹೊಲಿಯುವವರು ಕೊಂಡವರ ಕೈಗೊಂದು ಸಣ್ಣ ಚೀಟಿ ಕೊಡಿ: ಯಾವ ಸಾಧನದಿಂದ ಗುರುತು ಹಾಕಿದೆ, ಎಷ್ಟು ಸಲ ತೊಳೆದಿದೆ, ಗೆರೆ ಮತ್ತೆ ಕಂಡರೆ ಸೋಪು ಮುಟ್ಟಿಸದೆ ಏನು ಮಾಡಬೇಕು ಎಂದು.

— ಕೌದಿ ಹೊಲಿಗೆ ಕಲಿಸುವ ಕೆಲವರು, ಮೈಸೂರು