ಗೆಳೆಯನಿಗೊಂದು ಪತ್ರ: ನೀನು ಯಾಕೆ ಯಾವಾಗಲೂ ಜಾಂಗೀಫ್ ತಗೋತಿದ್ದೆ?

ಪ್ರೀತಿಯ ಕಡ್ಲೆ,

ವಾಟ್ಸ್ಯಾಪಿನಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಮುಗಿಸಿಬಿಡ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಕಣ್ಣಿಗೆ ಬೀಳೋ ಕಡೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದ ಮೇಲಾದರೂ ಉತ್ತರ ಕೊಡಲೇಬೇಕಲ್ಲ. ಹೆದರಬೇಡ, ಬಸಳೆ ಸೊಪ್ಪಿನ ವಿಷಯ ಎತ್ತುವುದಿಲ್ಲ.

ಸ್ಟ್ರೀಟ್ ಫೈಟರ್ 2 ಮತ್ತೆ ಆಡುತ್ತಿದ್ದೇನೆ ಕಣೋ, ನಾವು ಹುಡುಗರಾಗಿದ್ದಾಗ ಆಡುತ್ತಿದ್ದ ಆ ಹೊಡೆದಾಟದ ವಿಡಿಯೋ ಗೇಮ್. ಅದನ್ನು ಮಾಡಿದ ಜಪಾನಿನ ಕಂಪನಿ ಕ್ಯಾಪ್‌ಕಾಮ್‌ನವರು 2018ರಲ್ಲಿ ಹಳೆಯ 12 ಆಟಗಳನ್ನು ಸೇರಿಸಿ ಒಂದು ಸಂಗ್ರಹ ಬಿಟ್ಟಿದ್ದರಲ್ಲ, ಅದನ್ನು ಈಗ ಮಗಳ ಕಂಪ್ಯೂಟರಿಗೆ ಹಾಕಿಸಿದೆ. 12 ಇದ್ದರೂ ನಾನು ತೆರೆಯೋದು ಒಂದನ್ನೇ, 1991ರ ಮೊದಲ ಸ್ಟ್ರೀಟ್ ಫೈಟರ್ 2 ಅನ್ನು. ಆರಿಸಿಕೊಳ್ಳೋಕೆ ಎಂಟೇ ಜನ ಹೊಡೆದಾಟಗಾರರು. ಕೊನೆಗೆ ಕಂಪ್ಯೂಟರ್ ಕಡೆಯಿಂದ ಎದುರಾಗೋ ನಾಲ್ಕು ಬಲಶಾಲಿ ಬಾಸ್‌ಗಳನ್ನು ನಾವು ತಗೊಳ್ಳೋ ಹಾಗಿಲ್ಲ, ಇಬ್ಬರೂ ಒಬ್ಬನನ್ನೇ ಆರಿಸಿಕೊಳ್ಳೋ ಹಾಗೂ ಇಲ್ಲ. ಅದೆಲ್ಲ ಮರುವರ್ಷದ ಹೊಸ ಆವೃತ್ತಿ ಚಾಂಪಿಯನ್ ಎಡಿಷನ್‌ನಲ್ಲಿ ಬಂದದ್ದು. ಶಿವಮೊಗ್ಗದ ದುರ್ಗಿಗುಡಿ ಗಲ್ಲಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಬಾಗಿಲ ಹತ್ತಿರದ ಡಬ್ಬದಲ್ಲಿ ಇದ್ದದ್ದು ಈ ಮೊದಲನೆಯದೇ.

ಆ ಡಬ್ಬ ನೆನಪಿದೆಯಾ? ಮರದ ಪೆಟ್ಟಿಗೆ, ಮೇಲೆ ನೀಲಿ ಸನ್‌ಮೈಕಾ. ಎರಡನೇ ಆಟಗಾರನ ಕಡೆ ಲೈಟ್ ಕಿಕ್ ಬಟನ್ ಕಿತ್ತುಹೋಗಿ ಬರೀ ತೂತು ಉಳಿದಿತ್ತು. ಅದರೊಳಗೆ ಕಿರುಬೆರಳು ತೂರಿಸಿ ಸ್ವಿಚ್ಚಿನ ತಗಡಿನ ನಾಲಿಗೆಯನ್ನೇ ಒತ್ತಬೇಕು, ಟಿಕ್ ಅನ್ನೋದು. ಸಂಜೆ ಮನೆಗೆ ಹೋಗುವಾಗ ನಿನ್ನ ಕಿರುಬೆರಳ ತುದಿಯಲ್ಲಿ ಒಂದು ಕೆಂಪು ಗೆರೆ ಬಿದ್ದಿರುತ್ತಿತ್ತು. ನನ್ನ ಕೈಯಲ್ಲಿ ಬರೀ ಹಿತ್ತಾಳೆ ಟೋಕನ್ನಿನ ವಾಸನೆ.

ಇನ್ನು ಮೂಲೆಯ ಡಬ್ಬ. ಅದರಲ್ಲಿದ್ದದ್ದು ಕಳ್ಳ ಆವೃತ್ತಿ ಅಂತ ಈಗ ಗೊತ್ತಾಯಿತು. ಚಾಂಪಿಯನ್ ಎಡಿಷನ್ನನ್ನು ಯಾರೋ ತಿದ್ದಿ ಬಿಟ್ಟದ್ದು, ರೈನ್‌ಬೋ ಎಡಿಷನ್ ಅಂತಾರೆ. ರ‍್ಯು ಗಾಳಿಯಲ್ಲೇ ಹಡೂಕನ್, ಆ ಶಕ್ತಿಯುಂಡೆ, ಬಿಡುತ್ತಿದ್ದನಲ್ಲ? ಸ್ಟಾರ್ಟ್ ಒತ್ತಿದರೆ ಹೊಡೆದಾಟದ ನಡುವೆಯೇ ರ‍್ಯು ಹೋಗಿ ಬ್ಲಾಂಕಾ ಬರುತ್ತಿದ್ದನಲ್ಲ? ಅದು ಆಟ ಅಲ್ಲ ಜಾತ್ರೆ, ಅಂತ ನೀನು ಆ ಕಡೆ ತಲೆ ಕೂಡ ಹಾಕುತ್ತಿರಲಿಲ್ಲ. ಅಂಥ ಕಳ್ಳ ಆವೃತ್ತಿಗಳ ಅಬ್ಬರ ನೋಡಿಯೇ ಕ್ಯಾಪ್‌ಕಾಮ್‌ನವರು ತಾವೂ ವೇಗ ಹೆಚ್ಚಿಸಿ 1992ರ ಕೊನೆಗೆ ಟರ್ಬೋ ಆವೃತ್ತಿ ತಂದರಂತೆ.

ಮತ್ತೆ ನಮ್ಮ ಹಳೇ ಜಗಳವೂ ಇತ್ಯರ್ಥವಾಯಿತು. ಅಮೆರಿಕದ ಸೈನಿಕ ಗೈಲ್ ತನ್ನ ದೂರದ ಏಟು ಸೋನಿಕ್ ಬೂಮ್ ಬಿಡಬೇಕಾದರೆ ಸ್ಟಿಕ್ಕನ್ನು ಹಿಂದಕ್ಕೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಮುಂದಕ್ಕೆ ತಳ್ಳಿ ಪಂಚ್. ನೀನು ಕಾಯುತ್ತಿದ್ದೆ. ಕಂಪ್ಯೂಟರಿನ ಗೈಲ್ ಮಾತ್ರ ಆರಾಮಾಗಿ ಮುಂದಕ್ಕೆ ನಡೆದುಬರುತ್ತಲೇ ಬಿಡುತ್ತಿದ್ದ. ಮೋಸ ಮೋಸ ಅಂತ ನಾವು ಕೂಗಿದರೆ ಅಂಗಡಿಯವರು ನಗುತ್ತಿದ್ದರು. ನಾವು ಹೇಳಿದ್ದೇ ಸರಿ ಮಾರಾಯ. ಕಂಪ್ಯೂಟರಿಗೆ ಆ ಕಾಯುವ ನಿಯಮವೇ ಇಲ್ಲ. ಪ್ರೋಗ್ರಾಮಿನಲ್ಲೇ ಬಿಟ್ಟುಕೊಟ್ಟಿದ್ದಾರೆ.

ಇದಿಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಹೋದ ಭಾನುವಾರದಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ.

ಮಗಳನ್ನು ಕೂರಿಸಿಕೊಂಡು ಆಡುತ್ತಿದ್ದೆ. ನನ್ನದು ಯಾರು ಅಂತ ಕೇಳಬೇಕಾಗಿಲ್ಲ ಅಲ್ವಾ, ಧಾಲ್ಸಿಮ್. ಇಡೀ ಆಟದಲ್ಲಿ ನಮ್ಮ ದೇಶದವನು ಅವನೊಬ್ಬನೇ. ಹಿಂದೆ ಸಾಲಾಗಿ ಆನೆಗಳು, ಗೋಡೆ ಮೇಲೆ ಗಣಪತಿ. ಕುತ್ತಿಗೆಗೆ ತಲೆಬುರುಡೆ ಯಾಕೆ, ಯೋಗ ಮಾಡೋನು ಬಾಯಿಂದ ಬೆಂಕಿ ಯಾಕೆ ಉಗುಳಬೇಕು ಅಂತ ಮಗಳು ಕೇಳಿದಳು. ಊರಲ್ಲಿ ಪ್ಲೇಗ್ ಬಂದು ಸತ್ತ ಮಕ್ಕಳ ಬುರುಡೆ ಅವು, ಅವರ ನೆನಪಿಗೆ ಹಾಕಿಕೊಂಡಿದ್ದಾನೆ ಅಂತ ಕಥೆ ಕಟ್ಟಿದ್ದಾರೆ ಅಂದೆ. ಬೆಂಕಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮನ್ನು ಜಪಾನಿನಲ್ಲಿ ಕೂತು ಹೀಗೆ ಊಹಿಸಿಕೊಂಡಿದ್ದಾರಲ್ಲ ಅಂತ ಈಗ ಸ್ವಲ್ಪ ಕಸಿವಿಸಿ ಆಗುತ್ತದೆ. ಆವತ್ತು ಹಾಗೇನೂ ಅನ್ನಿಸಿರಲಿಲ್ಲ. ನಮ್ಮವನೊಬ್ಬ ಅಲ್ಲಿದ್ದಾನೆ, ಪರದೆಯ ಆ ತುದಿಗೆ ಕೈ ಚಾಚಿ ಅಮೆರಿಕದವನಿಗೂ ರಷ್ಯಾದವನಿಗೂ ಬಾರಿಸುತ್ತಾನೆ, ಅಷ್ಟೇ ಸಾಕಿತ್ತು.

ಮಗಳು ರಷ್ಯಾದ ಕುಸ್ತಿಪಟು ಜಾಂಗೀಫನನ್ನು ತಗೊಂಡಳು. ಕೆಂಪು ಚಡ್ಡಿ, ಎದೆ ತುಂಬ ಕೂದಲು ನೋಡಿ ನಗು ಬಂತಂತೆ. ನಿನಗೆ ಗೊತ್ತೇ ಇದೆ, ಅವನ ಬಲವೆಲ್ಲ ಹತ್ತಿರ ಹೋದರೆ. ಸ್ಟಿಕ್ಕನ್ನು ಒಂದು ಪೂರ್ತಿ ಸುತ್ತು ಸುತ್ತಿಸಿ ಪಂಚ್ ಒತ್ತಿದರೆ ಎತ್ತಿ ತಿರುಗಿಸಿ ನೆಲಕ್ಕೆ ಕುಕ್ಕುತ್ತಾನೆ, ಅರ್ಧ ಪ್ರಾಣ ಹೋಯಿತು. ಆದರೆ ಧಾಲ್ಸಿಮ್ ಹತ್ತಿರ ಬಿಟ್ಟುಕೊಂಡರೆ ತಾನೇ? ಜಾಂಗೀಫ್ ತೋಳು ಚಾಚಿ ಗಿರಗಿರ ತಿರುಗಿದರೆ ಬೆಂಕಿಯುಂಡೆ ತಪ್ಪಿಸಿಕೊಳ್ಳಬಹುದು. ತಿರುಗುವವನ ಕಾಲಿಗೆ ಧಾಲ್ಸಿಮ್ ದೂರದಿಂದಲೇ ಒದೆಯುತ್ತಾನೆ. ಈ ಆಟದಲ್ಲಿ ಯಾರು ಬಲಶಾಲಿ ಅಂತ ಪಟ್ಟಿ ಮಾಡಿದವರನ್ನೆಲ್ಲ ಕೇಳು, ಮೊದಲ ಆವೃತ್ತಿಯಲ್ಲಿ ಗೈಲ್ ಮತ್ತು ಧಾಲ್ಸಿಮ್ ತುತ್ತತುದಿಯಲ್ಲಿ, ಜಾಂಗೀಫ್ ತಳದಲ್ಲಿ. ಅವಳು ಸೋತಳು, ಮತ್ತೆ ಸೋತಳು, ಕಂಟ್ರೋಲರ್ ಕೆಳಗಿಟ್ಟು ಹೇಳಿದಳು: "ನಾನು ಬೇರೆಯವರನ್ನ ತಗೋತೀನಿ. ಇವನನ್ನ ಇಟ್ಕೊಂಡು ನಿನ್ ಜೊತೆ ಯಾರಾದ್ರೂ ಆಡ್ತಾರಾ ಅಪ್ಪ?"

ಒಬ್ಬ ಆಡುತ್ತಿದ್ದ.

ಓದುತ್ತಿರುವ ಉಳಿದವರಿಗೆ ಅಂಗಡಿಯ ನಿಯಮ ಹೇಳಿಬಿಡುತ್ತೇನೆ, ನೀನು ಸ್ವಲ್ಪ ತಡಿ. ಒಬ್ಬ ಟೋಕನ್ ಹಾಕಿ ಕಂಪ್ಯೂಟರ್ ಮೇಲೆ ಆಡುತ್ತಿರುತ್ತಾನೆ. ಇನ್ನೊಬ್ಬ ಬಂದು ತನ್ನ ಟೋಕನ್ ಹಾಕಿ ಎರಡನೇ ಸ್ಟಾರ್ಟ್ ಒತ್ತಿದರೆ ನಡೆಯುತ್ತಿದ್ದ ಆಟ ಅಲ್ಲಿಗೇ ನಿಂತು, ಹೊಸ ಸವಾಲುಗಾರ ಬಂದ ಅಂತ ಪರದೆ ತೋರಿಸುತ್ತದೆ. ಇಬ್ಬರಿಗೂ ಹೊಡೆದಾಟ. ಸೋತವನು ಮನೆಗೆ. ಗೆದ್ದವನು ಅದೇ ಟೋಕನ್ನಿನಲ್ಲಿ ಮುಂದುವರಿಯುತ್ತಾನೆ. ಅರ್ಧಕ್ಕೆ ನಿಂತಿದ್ದ ಕಂಪ್ಯೂಟರ್ ಜೊತೆಗಿನ ಆಟ ಮೊದಲಿಂದ ಶುರುವಾಗುತ್ತದೆ, ಪ್ರಾಣದ ಪಟ್ಟಿ ಪೂರ್ತಿ ತುಂಬಿಕೊಂಡು.

ಈಗ ನೀನು ಕೇಳು. ಬೇರೆ ಯಾರ ಮೇಲಾದರೂ ಆಡುವಾಗ ನಿನ್ನದು ಗೈಲ್. ಕೂತರೆ ಎದ್ದರೆ ಗೈಲ್. ಕೋಟೆ ರಸ್ತೆಯ ಕಾಲೇಜು ಹುಡುಗರು ಕೂಡ ನಿನ್ನ ಗೈಲ್ ಮುಂದೆ ನಿಲ್ಲುತ್ತಿರಲಿಲ್ಲ. ನನ್ನ ಮೇಲೆ ಬಂದರೆ ಮಾತ್ರ ಜಾಂಗೀಫ್. ಯಾಕೋ ಅಂದರೆ, ಸುಮ್ನೆ, ಮಜಾ ಬರುತ್ತೆ ಅನ್ನುತ್ತಿದ್ದೆ. ನಿನಗೆ ಆ ಪೂರ್ತಿ ಸುತ್ತಿನ ಕುಕ್ಕು ಬರುವುದಿಲ್ಲ ಅಂತಲೇ ನಾನು ನಂಬಿದ್ದೆ. ಆಮೇಲೆ ಒಂದು ಸಂಜೆ, ನಾನು ಪಕ್ಕದಲ್ಲಿ ನಿಂತಿದ್ದಾಗ, ಆ ಹಸಿರು ಸ್ವೆಟರಿನವನು ರ‍್ಯು ತಗೊಂಡು ಜಂಬ ಮಾಡಿದ ಅಂತ ಬೇಕಂತಲೇ ಜಾಂಗೀಫ್ ತಗೊಂಡು ಅವನನ್ನು ನೆಲಕ್ಕೆ ಕುಕ್ಕಿದೆ. ನಿಂತಲ್ಲೇ, ಮೇಲಕ್ಕೆ ಹಾರದೆ. ಅದು ಎಷ್ಟು ಕಷ್ಟ ಅಂತ ನನಗೆ ಈಗ ಗೊತ್ತು. ಸುತ್ತುವಾಗ ಸ್ಟಿಕ್ ಮೇಲಕ್ಕೆ ಹೋಗಲೇಬೇಕು, ಹೋದರೆ ಅವನು ಹಾರಿಬಿಡುತ್ತಾನೆ, ಅಷ್ಟರೊಳಗೆ ಪಂಚ್ ಬಿದ್ದಿರಬೇಕು. ಈ ವಯಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದರೂ ನನ್ನ ಕೈಗೆ ಬಂದಿಲ್ಲ. ನಿನಗೆ ಬರುತ್ತಿತ್ತು. ನನ್ನ ಮೇಲೆ ಮಾತ್ರ ಬರುತ್ತಿರಲಿಲ್ಲ.

ಇನ್ನೊಂದಿದೆ. ನೀನು ಟೋಕನ್ ಹಾಕುತ್ತಿದ್ದ ಹೊತ್ತು. ಆ ನಾಲ್ಕು ಬಾಸ್‌ಗಳಲ್ಲೊಬ್ಬ ಸಾಗಟ್ ನನ್ನನ್ನು ಮೂಲೆಗೆ ಒತ್ತಿಕೊಂಡು ಮೇಲಿಂದ ಒಂದು ಕೆಳಗಿಂದ ಒಂದು ಟೈಗರ್ ಅನ್ನೋ ಉಂಡೆ ಬಿಡುತ್ತಿರುತ್ತಾನೆ, ನನ್ನ ಪ್ರಾಣದ ಪಟ್ಟಿ ಪೂರ್ತಿ ಕೆಂಪು, ಇನ್ನೊಂದು ಏಟಿಗೆ ಮುಗಿಯಿತು, ಆಗ ನಿನ್ನ ಕಡೆಯಿಂದ ಟಣ್ ಅಂತ ಸದ್ದು. ಹೊಸ ಸವಾಲುಗಾರ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬಾಸ್ ಹತ್ತಿರ ಹೋದಾಗಲೇ ಯಾಕೋ ಬರ್ತೀಯ ಅಂತ ಕೂಗಾಡುತ್ತಿದ್ದೆ. ನೀನು ಹಲ್ಲು ಕಿರಿಯುತ್ತಾ ಜಾಂಗೀಫ್ ತಗೊಂಡು, ಎರಡು ನಿಮಿಷ ನನ್ನ ಒದೆ ತಿಂದು, ಸೋತೆ ಬಿಡೋ ಅಂತ ಸ್ಟೂಲಿಗೆ ಹೋಗಿ ಕೂರುತ್ತಿದ್ದೆ. ಪರದೆಯಲ್ಲಿ ಜಾಂಗೀಫನ ಜಜ್ಜಿದ ಮುಖ. ನನಗೆ ಸಾಗಟ್ ಮತ್ತೆ ಹೊಸದಾಗಿ, ನನ್ನ ಪ್ರಾಣ ಪೂರ್ತಿ ತುಂಬಿಕೊಂಡು.

ನಾನು ನಿನ್ನನ್ನು ಸೋಲಿಸುತ್ತಿದ್ದೇನೆ ಅಂದುಕೊಂಡಿದ್ದೆ ಕಣೋ. ನೀನು ನನ್ನ ಟೋಕನ್ ಉಳಿಸುತ್ತಿದ್ದೆ.

ನನ್ನ ಹತ್ತಿರ ಒಂದೇ ಇರುತ್ತಿತ್ತು ಅಂತ ನಿನಗೆ ಹೇಗೆ ಗೊತ್ತಾಯಿತು? ನಾನು ಹೇಳಿರಲಿಲ್ಲ. ಆ ವರ್ಷ ಅಪ್ಪ ಕೆಲಸ ಮಾಡುತ್ತಿದ್ದ ಕಡೆ ಸಂಬಳ ನಿಂತಿತ್ತು. ಸಂಜೆಯಾದರೆ ಸಾಲ ಕೊಟ್ಟವರು ಜಗುಲಿ ಮೇಲೆ ಬಂದು ಕೂರುತ್ತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ, ಅದೇ ಕಷ್ಟ. ಮಳೆ, ಬೆಳೆ ಮಾತಾಡಿಕೊಂಡು ಕಾಫಿ ಕುಡಿದು ಮತ್ತೂ ಕೂತಿರುತ್ತಿದ್ದರು, ಅಪ್ಪ ಎಲ್ಲದಕ್ಕೂ ಹೌದು ಹೌದು ಅನ್ನುತ್ತಿದ್ದ. ಅವರು ಎದ್ದು ಹೋಗುವ ತನಕ ನನಗೆ ಮನೆಗೆ ಹೋಗುವುದು ಬೇಡವಾಗಿತ್ತು. ಅಂಗಡಿಯಲ್ಲಿ ಆಟ ಮುಗಿದವರನ್ನು ಎದ್ದು ಹೋಗಿ ಅನ್ನುತ್ತಿದ್ದರು. ಆಡುತ್ತಿರುವವನನ್ನು ಯಾರೂ ಏಳಿಸುತ್ತಿರಲಿಲ್ಲ. ಹಾಗಾಗಿ ಗೆಲ್ಲುತ್ತಲೇ ಇರಬೇಕಿತ್ತು. ಇದನ್ನು ನಾನು ಮನೆಯಲ್ಲೂ ಇಷ್ಟು ಬಿಡಿಸಿ ಹೇಳಿಲ್ಲ, ಇಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಬಂದದ್ದು ಬಂತು, ಅಳಿಸುವುದಿಲ್ಲ.

ಆ ಗೆಲುವು ನನಗೆ ದೊಡ್ಡದಾಗಿತ್ತು. ಬೆಂಗಳೂರಿಗೆ ಬಂದ ಮೊದಲ ವರ್ಷ, ಇಂಗ್ಲಿಷ್ ಬಾರದೆ ತರಗತಿಯಲ್ಲಿ ಬಾಯಿ ಮುಚ್ಚಿ ಕೂತಾಗ, ದುರ್ಗಿಗುಡಿಯಲ್ಲಿ ನನ್ನನ್ನು ಸೋಲಿಸೋರು ಇರಲಿಲ್ಲ ಅಂತ ಒಳಗೊಳಗೇ ನೆನೆಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಎಷ್ಟೋ ವರ್ಷ ಅದರ ಮೇಲೆ ನಿಂತಿದ್ದೆ. ಈಗ ನೋಡಿದರೆ ಅದು ಬೇರೆ ಯಾರೋ ನನ್ನ ಕಾಲ ಕೆಳಗೆ ಇಟ್ಟಿದ್ದ ಮಣೆ. ಭಾನುವಾರದಿಂದ ಖುಷಿಪಡಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ಇದು: ಆ ಟೋಕನ್‌ಗಳಿಗೆ ನಿನಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ನಿಮ್ಮ ಮನೆ ವಿನೋಬನಗರ. ಸಿಟಿ ಬಸ್ಸಿಗೆ ಅಂತ ನಿಮ್ಮಮ್ಮ ಚಿಲ್ಲರೆ ಕೊಡುತ್ತಿದ್ದರು. ನೀನು ದಿನಾ ನಡೆದು ಹೋಗುತ್ತಿದ್ದೆ. ಮಳೆಗಾಲದಲ್ಲೂ. ಬಸ್ಸಲ್ಲಿ ಉಸಿರು ಕಟ್ಟುತ್ತೆ ಅನ್ನುತ್ತಿದ್ದೆ. ಶಿವಮೊಗ್ಗದ ಮಳೆಯಲ್ಲಿ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು ನಡೆಯುವವನಿಗೆ ಬಸ್ಸಲ್ಲಿ ಉಸಿರು ಕಟ್ಟುತ್ತಂತೆ.

ಹಾಗೇನಿಲ್ಲ ಮಾರಾಯ, ಜಾಂಗೀಫ್ ಇಷ್ಟ ಇದ್ದ, ಅಷ್ಟೇ, ಅಂತ ನೀನು ಹೇಳ್ತೀಯ. ಗೊತ್ತು. ಹೇಳು. ನಾನು ನಂಬಲ್ಲ, ನೀನು ಹೇಳೋದನ್ನ ಬಿಡಬೇಡ.

ಸಾಕು, ಇನ್ನು ಮುಂದೆ ಹೋದರೆ ನೀನು ಫೋನ್ ಎತ್ತೋದನ್ನೇ ನಿಲ್ಲಿಸ್ತೀಯ. ಒಂದು ಒಳ್ಳೆ ವಿಷಯ ಹೇಳಿ ಮುಗಿಸುತ್ತೇನೆ. ನಾವು ಒಂದಾದ ಮೇಲೊಂದು ಏಟು ಜೋಡಿಸಿ ಹೊಡೆಯುತ್ತಿದ್ದೆವಲ್ಲ, ಕಾಂಬೋ, ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲವಂತೆ. ಆ ಕಾರು ಒಡೆಯುವ ಬೋನಸ್ ಆಟವನ್ನು ಪರೀಕ್ಷೆ ಮಾಡುವಾಗ ಏಟಿನ ನಡುವೆ ಇನ್ನೊಂದು ಏಟು ನುಸುಳುತ್ತಿರುವುದು ಕ್ಯಾಪ್‌ಕಾಮ್‌ನವರ ಕಣ್ಣಿಗೆ ಬಿತ್ತು, ಇರಲಿ ಅಂತ ಬಿಟ್ಟರು. ಆಮೇಲೆ ಬಂದ ಹೊಡೆದಾಟದ ಆಟಗಳೆಲ್ಲ ಅದರ ಮೇಲೆಯೇ ನಿಂತಿವೆ. ನೀನು ಆ ಕಾರನ್ನು ಯಾವತ್ತಾದರೂ ಪೂರ್ತಿ ಒಡೆದಿದ್ದೀಯಾ? ನನಗಂತೂ ನೆನಪಿಲ್ಲ.

ಡಿಸೆಂಬರಿನಲ್ಲಿ ಮದುವೆಗೆ ಬರ್ತೀಯಲ್ಲ, ಎರಡು ದಿನ ಮೊದಲೇ ಬಾ. ನೀನು ಗೈಲ್, ನಾನು ಧಾಲ್ಸಿಮ್. ಸೋನಿಕ್ ಬೂಮ್, ಫ್ಲ್ಯಾಶ್ ಕಿಕ್, ಏನಿದೆಯೋ ಎಲ್ಲ ಬಿಡು, ಒಂದು ಚೂರೂ ದಾಕ್ಷಿಣ್ಯ ಬೇಡ. ಕೆಂಪು ಚಡ್ಡಿಯವನನ್ನು ಆರಿಸಿಕೊಂಡರೆ ಕೇಬಲ್ ಕಿತ್ತುಹಾಕು ಅಂತ ಮಗಳಿಗೆ ಹೇಳಿಟ್ಟಿದ್ದೇನೆ, ಅವಳು ಮಾಡುತ್ತಾಳೆ ಕೂಡ. ಮತ್ತೆ ಬರುವ ದಿನ ಖಚಿತವಾಗಿ ತಿಳಿಸು. ಅಮ್ಮ ಕೊಟ್ಟೆ ಕಡುಬಿಗೆ ಎಲೆ ತರಿಸಬೇಕಂತೆ, ಕಡ್ಲೆಗೆ ಎಷ್ಟು ಮಾಡಿದರೂ ಸಾಲಲ್ಲ ಅಂತ ಈಗಲೇ ಶುರು ಮಾಡಿದ್ದಾಳೆ.

ನಿನ್ನ,
ಉದ್ದಕೈ