ಬ್ಯಾಟರಿ ಬದಲಿಸಿ: ಮೇ 24ರ ರಾತ್ರಿ ನಮಗೆ ಕಾಣದೆ ಹೋದ ಗೋಲಿನ ಬಗ್ಗೆ ದೂರು

ಇಂದ,
ನಿಮ್ಮ ಫೈಬರ್ ಇಂಟರ್ನೆಟ್ ಗ್ರಾಹಕಿ,
ಸುಂಟಿಕೊಪ್ಪ ಸಮೀಪ, ಕುಶಾಲನಗರ ತಾಲ್ಲೂಕು, ಕೊಡಗು ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ದಿನಾಂಕ: 2 ಜೂನ್ 2025

ವಿಷಯ: ಕರೆಂಟ್ ಹೋದಾಗ ಕೊಡುತ್ತೇವೆ ಎಂದು ಹೇಳಿದ ಬ್ಯಾಟರಿ ಬ್ಯಾಕಪ್ ಕೊಡದೆ ಇದ್ದದ್ದು ಮತ್ತು ಲೈನ್ ಸರಿಯಾಗುವ ಮೊದಲೇ ದೂರು ಮುಚ್ಚಿದ್ದು

ಮಾನ್ಯರೇ,

ಮೇ 24ರ ಶನಿವಾರ ರಾತ್ರಿ ಒಂಬತ್ತು ದಾಟಿದ ಮೇಲೆ ನಮ್ಮ ಮನೆಯ ಇಂಟರ್ನೆಟ್ ನಿಂತಿತು. ಮತ್ತೆ ಬಂದದ್ದು 28ರ ಬುಧವಾರ ಮಧ್ಯಾಹ್ನ. ಈ ನಡುವೆ ನಾನು ನಾಲ್ಕು ಸಲ ದೂರು ಕೊಟ್ಟೆ. ನಾಲ್ಕೂ ಸಲ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಮೆಸೇಜ್ ಬಂತು. ಬುಧವಾರದವರೆಗೆ ಯಾರೂ ಬರಲಿಲ್ಲ. ಒಂದು ಫೋನ್ ಕೂಡ ಮಾಡಲಿಲ್ಲ.

ಮಳೆನಾಡಿನಲ್ಲಿ ಲೈನ್ ಹೋಗುವುದು ಹೊಸದೇನಲ್ಲ. ಮರ ಬಿದ್ದು ಕೇಬಲ್ ತುಂಡಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆ ರಾತ್ರಿ ನಾವು ನೋಡುತ್ತಿದ್ದ ಫುಟ್ಬಾಲ್ ಫೈನಲ್ ಕೊನೆಯ ಹೊತ್ತಿನಲ್ಲಿ ಆದದ್ದು ಬೇರೆ. ಅದನ್ನು ನೀವು ಪೂರ್ತಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ನನ್ನ ತಮ್ಮ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಎಂಬ ಊರಿನಲ್ಲಿ ನರ್ಸ್. 2018ರಲ್ಲಿ ಹೋದ. ಹೊಸ ಊರು, ಚಳಿ, ಡ್ಯೂಟಿ ಮುಗಿಸಿ ಬಂದರೆ ಮಾತಾಡಲು ಯಾರೂ ಇಲ್ಲ. ಆಗ ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಅವನನ್ನು ಊರಿನ ಫುಟ್ಬಾಲ್ ಕ್ಲಬ್‌ನ ಮ್ಯಾಚ್‌ಗೆ ಕರೆದುಕೊಂಡು ಹೋದರು. ಆ ಕ್ಲಬ್ 2017ರಲ್ಲಿ ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಮರುವರ್ಷ ಇನ್ನೂ ಒಂದು ದರ್ಜೆ ಕೆಳಗೆ ಹೋಯಿತು. ಸೋಲುವ ತಂಡ ನೋಡಲು ಅಷ್ಟೊಂದು ಜನ ಯಾಕೆ ಬರುತ್ತಾರೆ ಅಂತ ತಮ್ಮ ಮೊದಲು ಆಶ್ಚರ್ಯಪಟ್ಟ. ಆಮೇಲೆ ಅವನೇ ಆ ಜನರಲ್ಲಿ ಒಬ್ಬನಾದ. ಕೆಂಪು ಬಿಳಿ ಪಟ್ಟೆಯ ಜೆರ್ಸಿ ಹಾಕಿಕೊಂಡೇ ಮೊದಲ ರಜೆಗೆ ಮನೆಗೆ ಬಂದ.

ಅವರ ಮೈದಾನ ಕಲ್ಲಿದ್ದಲು ಗಣಿ ಇದ್ದ ಜಾಗದಲ್ಲಿದೆ. ಗಣಿ 1993ರಲ್ಲಿ ಮುಚ್ಚಿತು, 1997ರಲ್ಲಿ ಅಲ್ಲಿ ಮೈದಾನ ಬಂತು. ಗಣಿಯ ಕೆಲಸದವರು ಹಿಡಿಯುತ್ತಿದ್ದ ದೀಪದ ದೊಡ್ಡದೊಂದು ಪ್ರತಿಮೆ ಹೊರಗೆ ನಿಂತಿದೆ. ಇದನ್ನು ಕೇಳಿ ಅಪ್ಪನಿಗೆ ಆ ತಂಡದ ಮೇಲೆ ಪ್ರೀತಿ ಹುಟ್ಟಿತು. ಅವರು ತೋಟದ ರೈಟರ್ ಆಗಿದ್ದವರು. ಲೈನ್ ಮನೆಗಳಲ್ಲಿ ಇರುವ ತೋಟದ ಕೆಲಸದವರ ಹಾಜರಿ ಬರೆಯುತ್ತಲೇ ಆಯುಷ್ಯ ಕಳೆದವರು. ನಮ್ಮ ಜಿಲ್ಲೆಯ ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದದ್ದೂ ಅದೇ 1997ರಲ್ಲಿ ಎಂದು ನೆನಪಿಸಿದ್ದು ಅವರೇ. ಕೊಡಗು ಅಂದರೆ ಹಾಕಿ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಸುಂಟಿಕೊಪ್ಪದಲ್ಲಿ ಬೆಳೆದವರಿಗೆ ಫುಟ್ಬಾಲ್ ಕೂಡ ಅಷ್ಟೇ ಹತ್ತಿರ. ಇಲ್ಲಿನ ಗೋಲ್ಡ್ ಕಪ್ ಟೂರ್ನಿ ನಡೆಯುವಾಗ ಸಂಜೆ ಇಡೀ ಪೇಟೆ ಮೈದಾನದಲ್ಲೇ ಇರುತ್ತದೆ. ಅಪ್ಪ ಹರೆಯದಲ್ಲಿ ಆಡಿದವರು. ಹೀಗೆ ನಮ್ಮ ಮನೆ, ಆಮೇಲೆ ಅಕ್ಕಪಕ್ಕದ ಮನೆಗಳು, ಆಮೇಲೆ ಲೈನ್ ಮನೆಯ ಹುಡುಗರು, ಎಲ್ಲರೂ ಸಂಡರ್‌ಲ್ಯಾಂಡ್ ತಂಡದವರಾದೆವು.

2019ರಲ್ಲಿ ಅವರು ಮೇಲಿನ ದರ್ಜೆಗೆ ಹೋಗಲು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಫೈನಲ್ ಆಡಿದರು. ಚಾರ್ಲ್‌ಟನ್ ತಂಡ 94ನೇ ನಿಮಿಷದಲ್ಲಿ ಗೋಲ್ ಹಾಕಿ 2-1ರಿಂದ ಗೆದ್ದಿತು. ಅವತ್ತು ತಮ್ಮ ಫೋನಿನಲ್ಲಿ ಮಾತೇ ಆಡಲಿಲ್ಲ, ಬರೀ ಅತ್ತ. 2022ರಲ್ಲಿ ವೈಕಂಬ್ ವಿರುದ್ಧ ಗೆದ್ದು ಎರಡನೇ ದರ್ಜೆಗೆ ಬಂದರು. ಇನ್ನೊಂದು ಮೆಟ್ಟಿಲು ಬಾಕಿ ಇತ್ತು.

ಈ ವರ್ಷ ನಾಲ್ಕನೇ ಸ್ಥಾನ ಬಂತು. ಅಲ್ಲಿ ಈ ಸಲ ಮೊದಲ ಎರಡು ತಂಡಗಳು ನೇರವಾಗಿ ಮೇಲೆ ಹೋದವು. ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡಗಳು ಪ್ಲೇ-ಆಫ್ ಆಡಿ, ಅದರಲ್ಲಿ ಗೆದ್ದ ಒಂದಕ್ಕೆ ಮಾತ್ರ ಪ್ರೀಮಿಯರ್ ಲೀಗ್ ಸಿಗುವುದಿತ್ತು. ಕೊವೆಂಟ್ರಿ ಮೇಲಿನ ಸೆಮಿಫೈನಲ್ ನಮಗೆ ಮೇ 14ರ ಬೆಳಗಿನ ಜಾವ ಮೂರು ಗಂಟೆಯವರೆಗೆ ನಡೆಯಿತು. ಹೆಚ್ಚುವರಿ ಸಮಯವೂ ಮುಗಿದು 122ನೇ ನಿಮಿಷದಲ್ಲಿ ನಮ್ಮ ತಂಡದ ಡ್ಯಾನ್ ಬ್ಯಾಲಾರ್ಡ್ ತಲೆಯಿಂದ ಗೋಲ್ ಹಾಕಿದ. ನಾವು ಕೂಗಿದ ಕೂಗಿಗೆ ತೋಟದ ನಾಯಿಗಳೆಲ್ಲ ಎದ್ದವು. ಆ ರಾತ್ರಿ ನಿಮ್ಮ ಲೈನ್ ಒಂದು ಸಲವೂ ತಡೆಯಲಿಲ್ಲ. ಇದನ್ನು ನಾನು ಮೆಚ್ಚಿಯೇ ಹೇಳುತ್ತಿದ್ದೇನೆ. ಆ ನಂಬಿಕೆಯಿಂದಲೇ ಫೈನಲ್‌ಗೆ ಊರಿನವರನ್ನೆಲ್ಲ ಕರೆದೆ.

ಆದರೂ ಗುರುವಾರ, ಅಂದರೆ 22ರಂದು, ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಮಳೆ ಶುರುವಾಗಿದೆ, ಶನಿವಾರ ಕರೆಂಟ್ ಹೋದರೆ ಲೈನ್ ಇರುತ್ತದಾ ಎಂದು ಕೇಳಿದೆ. ‘ಮೇಡಂ, ನಿಮ್ಮ ಏರಿಯಾದಲ್ಲಿ ಎಂಟು ಗಂಟೆ ಬ್ಯಾಕಪ್ ಇದೆ, ಚಿಂತೆ ಮಾಡಬೇಡಿ’ ಎಂದರು. ಕನೆಕ್ಷನ್ ಕೊಡುವಾಗ ನೀವು ಹಂಚಿದ ಕರಪತ್ರದಲ್ಲೂ ಅದೇ ಎಂಟು ಗಂಟೆ ಅಚ್ಚಾಗಿದೆ. ವರ್ಷಕ್ಕೆ 11,400 ರೂಪಾಯಿ ಒಟ್ಟಿಗೆ ಕಟ್ಟಿದ್ದು ಆ ಒಂದು ಸಾಲು ನೋಡಿಯೇ.

ತಮ್ಮನಿಗೆ ವೆಂಬ್ಲಿಯ ಟಿಕೆಟ್ ಸಿಕ್ಕಿತ್ತು. ಏಳು ವರ್ಷದಲ್ಲಿ ಮೊದಲ ಸಲ ಅವನು ಅಲ್ಲಿಗೆ ಹೋಗುತ್ತಿದ್ದ. ಗೆದ್ದರೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಮೈದಾನ ತೋರಿಸುತ್ತೇನೆ ಅಂದಿದ್ದ. ಸೋತರೂ ಮಾಡು ಎಂದರು ಅಪ್ಪ.

ಫೈನಲ್ ಇದ್ದ ಶನಿವಾರ, 24ರಂದೇ, ಕೇರಳಕ್ಕೆ ಮುಂಗಾರು ಬಂದಿತ್ತು. ನಮ್ಮಲ್ಲೂ ಮಳೆ ಬಿಟ್ಟಿರಲಿಲ್ಲ. ಕಣದ ಪಕ್ಕದ ಶೆಡ್ ಗುಡಿಸಿ, ಕಾಫಿ ಮೂಟೆ ಒಂದು ಬದಿಗೆ ಸರಿಸಿ, ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಇಟ್ಟೆವು. ಇಪ್ಪತ್ತೆರಡು ಜನ ಸೇರಿದ್ದರು. ಬೆಲ್ಲದ ಕಾಫಿ, ಕಡಲೆ ಉಸಲಿ ಮಾಡಿದ್ದೆ. ಅಪ್ಪನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ಕಂಬಳಿ ಹೊದಿಸಿದೆವು.

ಏಳೂವರೆಗೆ ಆಟ ಶುರುವಾಯಿತು. ಎದುರಾಳಿ ಶೆಫೀಲ್ಡ್ ಯುನೈಟೆಡ್. ಲೀಗ್‌ನಲ್ಲಿ ಅವರಿಗೆ 90 ಅಂಕ, ನಮಗೆ 76. ಲೆಕ್ಕದಲ್ಲಿ ಅವರೇ ಮೇಲೆ. 25ನೇ ನಿಮಿಷದಲ್ಲಿ ಅವರು ಗೋಲ್ ಹಾಕಿದರು. ಸ್ವಲ್ಪದರಲ್ಲೇ ಇನ್ನೊಂದೂ ಹಾಕಿದರು, ಆದರೆ ವಿಡಿಯೋ ನೋಡಿ ಆಫ್‌ಸೈಡ್ ಎಂದು ಅದನ್ನು ತೆಗೆದುಹಾಕಿದರು. ಶೆಡ್‌ನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ವಿರಾಮದ ಹೊತ್ತಿಗೆ ಕರೆಂಟ್ ಹೋಯಿತು. ಯಾರಿಗೂ ಗಾಬರಿಯಾಗಲಿಲ್ಲ. ನಮ್ಮ ಇನ್ವರ್ಟರ್ ಇತ್ತು, ನಿಮ್ಮ ಲೈನ್ ನಡೆಯುತ್ತಿತ್ತು. 76ನೇ ನಿಮಿಷದಲ್ಲಿ ಎಲಿಯೆಜರ್ ಮಯೆಂಡಾ ಸಮ ಮಾಡಿದ. 1-1. ಅಪ್ಪ ಕುರ್ಚಿಯಿಂದ ತಾವಾಗಿಯೇ ಎದ್ದರು. ಮಂಡಿ ನೋವು ಶುರುವಾದ ಮೇಲೆ ಅವರು ಹಾಗೆ ಎದ್ದದ್ದನ್ನು ನಾನು ನೋಡಿರಲಿಲ್ಲ.

93 ನಿಮಿಷ ದಾಟಿತ್ತು. ಚೆಂಡು ಶೆಫೀಲ್ಡ್‌ನವರ ಹತ್ತಿರ ಇತ್ತು. ಚಿತ್ರ ಅಲ್ಲೇ ನಿಂತುಹೋಯಿತು. ಮಧ್ಯದಲ್ಲಿ ಬಳೆಯ ಹಾಗೆ ಒಂದು ಸುತ್ತು ತಿರುಗುತ್ತಾ ಇತ್ತು. ನಾನು ಓಡಿಹೋಗಿ ಮೋಡೆಮ್ ನೋಡಿದೆ. ಸಿಗ್ನಲ್ ಇಲ್ಲ ಎನ್ನುವ ಕೆಂಪು ದೀಪ ಮಿನುಗುತ್ತಿತ್ತು. ಆಫ್ ಮಾಡಿದೆ, ಆನ್ ಮಾಡಿದೆ. ಏನೂ ಆಗಲಿಲ್ಲ. ಮಳೆ ಬಂದರೆ ನಮ್ಮ ತಗ್ಗಿಗೆ ಮೊಬೈಲ್ ಸಿಗ್ನಲ್ ಕೂಡ ಇಳಿಯುವುದಿಲ್ಲ. ಅದಕ್ಕೇ ಅಲ್ವಾ ನಾವು ಫೈಬರ್ ಹಾಕಿಸಿದ್ದು?

ಇಪ್ಪತ್ತೆರಡು ಜನ ಕತ್ತಲಲ್ಲಿ ಸುಮ್ಮನೆ ಕೂತಿದ್ದೆವು. ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಲೈನ್ ಮನೆಯ ಇಬ್ಬರು ಹುಡುಗರು ಟಾರ್ಚ್, ಕೊಡೆ ಹಿಡಿದು, ಜಿಗಣೆ ಲೆಕ್ಕಿಸದೆ, ತೋಟದ ಮೇಲಿನ ಪಟ್ಟಿಯ ಸಿಲ್ವರ್ ಮರದ ಹತ್ತಿರ ಹೋದರು. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಹಿಂದೆಯೇ ನಾನೂ ಹತ್ತಿದೆ. ಅರ್ಧ ಗಂಟೆಯ ಮೇಲೆ ಗೊತ್ತಾಯಿತು. 95ನೇ ನಿಮಿಷದಲ್ಲಿ ಟಾಮಿ ವಾಟ್ಸನ್ ಎದುರಾಳಿಯ ತಪ್ಪು ಪಾಸ್ ಹಿಡಿದು, ಪೆನಾಲ್ಟಿ ಗೆರೆಯ ಹೊರಗಿನಿಂದಲೇ ಗೋಲಿನ ಮೂಲೆಗೆ ಹೊಡೆದಿದ್ದ. 2-1. ಹತ್ತೊಂಬತ್ತು ವರ್ಷದ ಹುಡುಗ, ಕ್ಲಬ್‌ನಲ್ಲೇ ಬೆಳೆದವನು. ಬ್ರೈಟನ್ ತಂಡಕ್ಕೆ ಹೋಗುವುದು ಆಗಲೇ ಗೊತ್ತಾಗಿತ್ತು. ಹೊರಡುವ ಮೊದಲು ಊರಿಗೆ ಅಷ್ಟು ಕೊಟ್ಟು ಹೋದ. ಎಂಟು ವರ್ಷದ ಮೇಲೆ ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗ್‌ಗೆ ಬಂದಿತ್ತು.

ಹುಡುಗರು ಅಲ್ಲಿಂದಲೇ ಕೂಗಿದರು. ಕೆಳಗೆ ಶೆಡ್‌ನಲ್ಲಿ ತಟ್ಟೆ ಬಡಿದರು, ಡಬ್ಬ ಬಡಿದರು. ಯಾರೋ ಬಾಯಲ್ಲೇ ವಾಲಗದ ತಾಳ ಹಾಕಿದರು, ಮಳೆಯಲ್ಲೇ ಕಣಕ್ಕಿಳಿದು ಕುಣಿದರು. ನಾವೂ ಸಂಭ್ರಮಿಸಿದೆವು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಫೋನಿನಲ್ಲಿ ತಮ್ಮನ ಒಂಬತ್ತು ವಿಡಿಯೋ ಕಾಲ್ ಬಂದು ಹೋಗಿದ್ದವು. ತಿರುಗಿ ಮಾಡಿದೆ. ಚಿತ್ರ ಬರಲಿಲ್ಲ, ದನಿ ತುಂಡು ತುಂಡಾಗಿ ಬಂತು. ‘ಅಕ್ಕಾ, ಅಪ್ಪ ನೋಡಿದ್ರಾ?’ ಅಂತ ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಷ್ಟಕ್ಕೇ ಕಟ್ಟಾಯಿತು.

ಅದೇ ಮರದ ಕೆಳಗೆ ನಿಂತು ನಿಮಗೆ ಮೊದಲ ದೂರು ಕೊಟ್ಟೆ. ಸಮಸ್ಯೆ ಬಗೆಹರಿದಿದೆ ಎಂಬ ನಿಮ್ಮ ಮೆಸೇಜ್ ಬಂದ ಸಮಯ 10:47. ಆಗ ಮೋಡೆಮ್‌ನ ಕೆಂಪು ದೀಪ ಹಾಗೆಯೇ ಮಿನುಗುತ್ತಿತ್ತು.

ಬುಧವಾರ ನಿಮ್ಮ ಲೈನ್‌ಮ್ಯಾನ್ ಬಂದರು. ಅವರ ಮೇಲೆ ನನ್ನ ದೂರು ಇಲ್ಲ. ಜೋರು ಮಳೆಯಲ್ಲಿ ಒಬ್ಬರೇ ಬಂದು ಕೆಲಸ ಮುಗಿಸಿಯೇ ಹೋದರು. ನಮ್ಮ ಮನೆಯ ಕೇಬಲ್‌ಗೆ ಏನೂ ಆಗಿರಲಿಲ್ಲ ಎಂದು ಅವರೇ ಹೇಳಿದರು. ರಸ್ತೆ ಬದಿಯ ನಿಮ್ಮ ಪೆಟ್ಟಿಗೆಯಲ್ಲಿರುವ ಬ್ಯಾಟರಿಗಳು ಹಳೆಯವು. ಎಂಟು ಗಂಟೆ ಇರಲಿ, ಒಂದು ಗಂಟೆಯೂ ತಡೆಯುವುದಿಲ್ಲ. ಅವತ್ತು ಪೂರ್ತಿ ಖಾಲಿಯಾಗಿ, ಕರೆಂಟ್ ಬಂದ ಮೇಲೂ ಪೆಟ್ಟಿಗೆಯ ಮಿಷನ್ ತಾನಾಗಿ ಶುರುವಾಗಲಿಲ್ಲ. ಬ್ಯಾಟರಿ ಬದಲಿಸಬೇಕು ಎಂದು ಮಾರ್ಚ್‌ನಲ್ಲೇ ಬರೆದು ಕಳಿಸಿದ್ದರಂತೆ. ಅಂದರೆ 22ರಂದು ನನಗೆ ಎಂಟು ಗಂಟೆ ಎಂದು ಹೇಳುವಾಗ ನಿಮ್ಮ ಆಫೀಸಿಗೆ ನಿಜ ಗೊತ್ತಿತ್ತು. ನನಗೆ ಜಾಸ್ತಿ ನೋವಾದದ್ದು ಇಲ್ಲಿ. ಬ್ಯಾಕಪ್ ಇಲ್ಲ ಎಂದು ಹೇಳಿದ್ದರೆ ನಾವು ಎಲ್ಲರೂ ಜೀಪು ಮಾಡಿಕೊಂಡು ಕುಶಾಲನಗರದ ನೆಂಟರ ಮನೆಗೆ ಹೋಗಿ ನೋಡುತ್ತಿದ್ದೆವು. ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೆವು.

ಇದು ಬರೀ ಒಂದು ಆಟದ ಮಾತು ಎಂದು ದಯವಿಟ್ಟು ಪಕ್ಕಕ್ಕೆ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡ ಕುಸಿದಾಗ ಯಾರು ಎಲ್ಲಿದ್ದಾರೆ ಎಂದು ತಿಳಿಯಲು ನಾವು ಪಟ್ಟ ಪಾಡು ನಮಗೆ ಗೊತ್ತು. ಆ ವರ್ಷವೇ ಪರದೇಶಕ್ಕೆ ಹೋದ ತಮ್ಮ ಎರಡು ದಿನ ನಮ್ಮ ದನಿ ಕೇಳದೆ ಅಲ್ಲಿ ನಿದ್ದೆ ಮಾಡಿರಲಿಲ್ಲ. ಕರೆಂಟ್ ಹೋದಾಗಲೂ ಲೈನ್ ಇರಬೇಕು ಎಂದು ಈ ಕಡೆಯ ಮನೆಗಳು ಕೇಳುವುದು ಅದಕ್ಕೆ. ಜೂನ್ ಈಗ ತಾನೆ ಶುರುವಾಗಿದೆ. ಜುಲೈ, ಆಗಸ್ಟ್ ಇನ್ನೂ ಮುಂದಿವೆ.

ನಾಲ್ಕು ದಿನದ ಹಣ ಲೆಕ್ಕ ಹಾಕಿದರೆ ಸುಮಾರು 125 ರೂಪಾಯಿ ಆಗುತ್ತದೆ. ಅದನ್ನು ನಮ್ಮ ಖಾತೆಗೆ ಹಾಕಿ, ಯಾಕೆಂದರೆ ಅದು ನಮ್ಮದು. ಆದರೆ ನನಗೆ ಮುಖ್ಯವಾಗಿ ಬೇಕಾದದ್ದು ಬ್ಯಾಟರಿ. ಜೂನ್ 15ರ ಒಳಗೆ ಆ ಪೆಟ್ಟಿಗೆಯ ಬ್ಯಾಟರಿಗಳನ್ನು ಬದಲಿಸಿ, ನಿಜವಾಗಿ ಎಷ್ಟು ಗಂಟೆ ಬರುತ್ತದೆ ಎಂದು ನಮಗೆ ಬರೆದು ತಿಳಿಸಿ. ಮೂರು ಗಂಟೆ ಎಂದರೆ ಮೂರು ಗಂಟೆ ಎಂದೇ ಬರೆಯಿರಿ, ಅದಕ್ಕೆ ತಕ್ಕ ಹಾಗೆ ನಾವು ನಡೆದುಕೊಳ್ಳುತ್ತೇವೆ. ನಾಲ್ಕು ಡಾಕೆಟ್ ಸಂಖ್ಯೆಗಳ ದೂರುಗಳನ್ನು ಯಾರು, ಏನು ನೋಡಿ ಮುಚ್ಚಿದರು ಎನ್ನುವುದಕ್ಕೂ ಉತ್ತರ ಬೇಕು. ಗ್ರಾಹಕರನ್ನು ಕೇಳದೆ ದೂರು ಮುಚ್ಚುವುದನ್ನು ನಿಲ್ಲಿಸಿ. ಉತ್ತರ ಸರಿಯಿಲ್ಲದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ನಿಮ್ಮಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. ಗ್ರಾಹಕ ಸಹಾಯವಾಣಿ 1915ಕ್ಕೂ, ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಬರೆಯುತ್ತೇನೆ. ಅವತ್ತು ಶೆಡ್‌ನಲ್ಲಿದ್ದವರಲ್ಲಿ ಆರು ಮನೆಯವರು ನಿಮ್ಮದೇ ಗ್ರಾಹಕರು. ಅವರೂ ಈ ಪತ್ರಕ್ಕೆ ಸಹಿ ಹಾಕಿದ್ದಾರೆ.

ಹೊಸ ಸೀಸನ್ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗ್‌ನಲ್ಲಿ ಆಡುವುದನ್ನು ಮೊದಲ ದಿನದಿಂದಲೇ ನೋಡಬೇಕೆಂದು ಅಪ್ಪ ಕಾಯುತ್ತಿದ್ದಾರೆ. ತಮ್ಮನೂ ಅವತ್ತು ಕಾಲ್ ಮಾಡುತ್ತಾನೆ.

ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಿ. ಮಳೆ ಹಿಡಿದರೆ ಮೆಸೇಜ್ ನೋಡಲು ನಾನು ಗುಡ್ಡ ಹತ್ತಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ ಮತ್ತು ಸಹಿ ಮಾಡಿದ ಆರು ಮನೆಯವರು

ಜೊತೆಗಿಟ್ಟಿರುವುದು: ಹಣ ಕಟ್ಟಿದ ರಸೀದಿ, ನಿಮ್ಮ ಕರಪತ್ರದ ಪ್ರತಿ, ನಾಲ್ಕು ಮೆಸೇಜ್‌ಗಳ ಚಿತ್ರ, ಕೆಂಪು ದೀಪ ಉರಿಯುತ್ತಿದ್ದ ಮೋಡೆಮ್‌ನ ಫೋಟೋ