ಕಾಂಗ್ ಯಾತ್ಸೆ ಹತ್ತದೆ ಬಂದವಳ ಥ್ಯಾಂಕ್ಸ್

ಲಡಾಖಿನಿಂದ ಪುಣೆಗೆ ಬಂದು ಇಪ್ಪತ್ತು ದಿನ ಆಯಿತು. ಪ್ರತಿ ಸಲ ಬರೆಯಲು ಕೂತಾಗಲೂ 'ಎಲ್ಲರಿಗೂ ಧನ್ಯವಾದ' ಅಂತ ಒಂದು ಸಾಲು ಬರೆದು ನಿಲ್ಲಿಸುತ್ತಿದ್ದೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳಿದರೆ ಸುಳ್ಳಾಗುತ್ತದೆ, ಅದಕ್ಕೆ.

ಐದು ಜನ ಹೋದೆವು. ನಾಲ್ವರು 6,250 ಮೀಟರ್ ಎತ್ತರದ ಕಾಂಗ್ ಯಾತ್ಸೆ-2 ಶಿಖರದ ತುದಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ 'ಹವಾಮಾನ ಜಾಗೃತಿ' ಬ್ಯಾನರ್ ಹಿಡಿದು ನಿಂತರು. ಫೋಟೋದಲ್ಲಿ ನಾನಿಲ್ಲ. ಬೇಸ್ ಕ್ಯಾಂಪಿನಲ್ಲೇ ನನಗೆ ಎತ್ತರದ ಕಾಯಿಲೆ ಹಿಡಿಯಿತು, ನಿಮಗೆಲ್ಲ ಗೊತ್ತು. ಆಕ್ಸಿಮೀಟರಿನ ಆ ಅಂಕಿಯನ್ನು ಮತ್ತೆ ಬರೆಯುವುದಿಲ್ಲ, ಅವ್ವ ಇದನ್ನು ಓದುತ್ತಾಳೆ.

ಆಚೋ ಬಗ್ಗೆ ಬರೆಯಬೇಕು. ಲಡಾಖಿಯಲ್ಲಿ ಆಚೋ ಅಂದರೆ ಅಣ್ಣ. ನಮ್ಮ ತಂಡದ ಅಡುಗೆಯವನು, ಐವತ್ತು ದಾಟಿದ ಮನುಷ್ಯ. ಆ ಸಂಜೆ ಎಲ್ಲರೂ ಮಧ್ಯರಾತ್ರಿ ಹೊರಡುವ ಗಡಿಬಿಡಿಯಲ್ಲಿದ್ದರು. ನನ್ನ ಕೈಯಲ್ಲಿ ಚಹಾದ ಕಪ್ಪು ನಿಲ್ಲುತ್ತಿಲ್ಲ ಅನ್ನೋದನ್ನು ನೋಡಿದ್ದು ಅವನೊಬ್ಬನೇ. "ಏನಿಲ್ಲ, ಸುಮ್ನೆ ತಲೆನೋವು" ಅಂದೆ. ಆರು ತಿಂಗಳು ಪ್ರತಿ ಭಾನುವಾರ ಪುಣೆ ಹತ್ತಿರದ ಸಿಂಹಗಡ ಹತ್ತಿದವಳು ಇನ್ನೇನು ಹೇಳಿಯಾಳು? ಅವನು ವಾದ ಮಾಡಲಿಲ್ಲ. ನನ್ನ ಬೂಟಿನ ಲೇಸ್ ಕಟ್ಟಿದ, ಟಾರ್ಚ್ ಹಿಡಿದ, ಕತ್ತಲಲ್ಲೇ ಕೆಳಗಿನ ನಿಮಾಲಿಂಗ್ ಹುಲ್ಲುಗಾವಲಿಗೆ ಇಳಿಸಿದ.

ಅಲ್ಲಿ ಕುರಿಗಾಹಿಗಳ ಕಲ್ಲಿನ ಗೂಡಿನಲ್ಲಿ ರಾತ್ರಿ ಕಳೆಯಿತು. ನಾನು ಕನ್ನಡದಲ್ಲೇ ಬಡಬಡಿಸುತ್ತಿದ್ದೆನಂತೆ. ಅವ್ವಾ, ನೀರು. ಅವ್ವಾ, ನೀರು. ಅವ್ವ ಅನ್ನೋದು ಅವನಿಗೆ ಅರ್ಥವಾಗಿತ್ತು, ನೀರು ಆಗಿರಲಿಲ್ಲ. ಕಂಬಳಿ ಹೊದಿಸಿದ, ಚಹಾ ಕೊಟ್ಟ. ಕೊನೆಗೆ ಹೊರಗೆ ಹೋಗಿ, ತೊರೆಯ ಮೇಲೆ ಕಟ್ಟಿದ್ದ ಐಸನ್ನು ಕಲ್ಲಿನಿಂದ ಒಡೆದು ನೀರು ತಂದ. ಕುಡಿದ ಮೇಲೆ ಸುಮ್ಮನಾದೆನಂತೆ.

ನಾನು ಕಣ್ಣು ಮುಚ್ಚಿದಾಗಲೆಲ್ಲ ಏನಾದರೂ ಹೇಳಿ, ಕೇಳಿ ಎಬ್ಬಿಸುತ್ತಿದ್ದ. ಈ ವರ್ಷ ಅವನು ತನ್ನ ಊರಿನ ಚುರ್ಪೋನ್, ಅಂದರೆ ಯಾರ ಹೊಲಕ್ಕೆ ಯಾವಾಗ ನೀರು ಅಂತ ಪಾಳಿ ಹಾಕುವವನು. ಬಿತ್ತನೆಗೆ ಏಪ್ರಿಲ್, ಮೇನಲ್ಲೇ ನೀರು ಬೇಕು. ಮೇಲಿನ ಹಿಮನದಿ ಕರಗಿ ಬರೋದು ತಡವಾಗಿ. ಮೊದಲೆಲ್ಲ ನಡುವಿನ ದಿನಗಳಿಗೆ ಕೆಳಗಿನ ಇಳಿಜಾರಿನ ಹಿಮ ಸಾಕಾಗುತ್ತಿತ್ತಂತೆ, ಈಗ ಅದು ಬೀಳೋದೇ ಕಡಿಮೆ. ಹೋದ ಬಿತ್ತನೆಯಲ್ಲಿ ಒಂದು ಪಾಳಿಗಾಗಿ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟರು. ಇಬ್ಬರಿಂದಲೂ ಬೈಸಿಕೊಂಡವನು ಇವನು.

"ನಿಮ್ಮ ಪುಣೆಯಲ್ಲಿ ನೀರು ಯಾರು ಹಂಚ್ತಾರೆ?" ಅಂತ ಕೇಳಿದ. ಬಹಳ ಹೊತ್ತು ಯೋಚಿಸಿ "ಟ್ಯಾಂಕರಿನವನು" ಅಂದೆ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡು ಮತ್ತೆ ಕೇಳಿದ. ಮತ್ತೆ ಅದೇ ಹೇಳಿದೆ.

ಮೂರು ಗಂಟೆ ಹೊತ್ತಿಗೆ ಸಾಯ್ತೀನಿ ಅನ್ನಿಸಿತ್ತು. ಭಯಕ್ಕಿಂತ ನಾಚಿಕೆ ಜಾಸ್ತಿ. ನೀವೆಲ್ಲ ದುಡ್ಡು ಹಾಕಿದ್ದೀರಿ, ಮಕ್ಕಳು ಬ್ಯಾನರಿಗೆ ಸಹಿ ಹಾಕಿದ್ದಾರೆ, ನಾನು ಕುರಿಗೂಡಿನಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದೇನೆ. ಆಚೋ ಅದನ್ನು ಒರೆಸಿದ. ತನ್ನ ಉಣ್ಣೆ ಟೋಪಿಯಿಂದ. ಆಮೇಲೆ ಆ ಚಳಿಯಲ್ಲಿ ಬೆಳಗಿನವರೆಗೂ ಬರೀ ತಲೆಯಲ್ಲಿ ಕೂತಿದ್ದ.

ಇರಲಿ.

ಬೆಳಗ್ಗೆ ಕೊಂಗ್ಮಾರು ಲಾ ಅನ್ನೋ ಬೆಟ್ಟದ ಕಣಿವೆದಾರಿ ದಾಟಿದ್ದರೆ ರಸ್ತೆ ಹತ್ತಿರವಿತ್ತು. ಆದರೆ ಅದಕ್ಕೆ ಮತ್ತೆ 5,200 ಮೀಟರಿಗಿಂತ ಮೇಲೆ ಏರಬೇಕು. ಅವನು ನನ್ನನ್ನು ಕುದುರೆ ಮೇಲೆ ಕೂರಿಸಿ ಹಂಕರ್ ಊರಿನ ಕಡೆ ಇಳಿಸಿದ. ದೂರದ ದಾರಿ, ಆದರೆ ಇಳಿಜಾರು.

ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಜೊತೆಗೆ ಬಂದ ನಾಲ್ವರಿಗೆ, ದುಡ್ಡು ಕೂಡಿಸಿದ ಕನ್ನಡದ ಹಿರಿಯರಿಗೆ, ರಜೆ ಕೊಟ್ಟ ಆಫೀಸಿಗೆ, ಸಿಂಹಗಡದ ದಾರಿಯಲ್ಲಿ ಪ್ರತಿ ವಾರ ಒಂದು ಮಡಿಕೆ ಮೊಸರು ತೆಗೆದಿಟ್ಟ ಮಾವಶಿಗೆ, ಎಲ್ಲರಿಗೂ ಥ್ಯಾಂಕ್ಸ್. ಸೋಲ್ ಕಿತ್ತ ಬೂಟು ಬಾಡಿಗೆ ಕೊಟ್ಟ ಅಂಗಡಿಗೆ ಮಾತ್ರ ಇಲ್ಲ. "ಗುಡ್ಡ ಏರಾಕ ಅಷ್ಟು ದೂರ ಯಾಕ, ಸಿಂಹಗಡ ಸಾಲದೇನು?" ಅಂದ ಅವ್ವನಿಗೆ, ನೀನು ಹೇಳಿದ್ದು ಸರಿ, ಆದರೂ ಇನ್ನೊಮ್ಮೆ ಹೋಗ್ತೀನಿ.

ಹೋದ ವಾರ ಕೋಥ್ರೂಡಿನ ಒಂದು ಶಾಲೆಯಲ್ಲಿ ಮಾತಾಡಿದೆ. 2011ರಿಂದ 2020ರವರೆಗೆ ಹಿಂದೂಕುಷ್ ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ವೇಗವಾಗಿ ಕರಗಿದವು ಅನ್ನೋ ಅಂಕಿ ನನಗೆ ಬಾಯಿಪಾಠ. ಅದನ್ನು ಹೇಳಿದಾಗ ಮಕ್ಕಳು ಆಕಳಿಸಿದರು. ಅಣ್ಣತಮ್ಮಂದಿರ ಜಗಳ ಹೇಳಿದಾಗ ಎದ್ದು ಕೂತರು. ಒಬ್ಬಳು ಕೇಳಿದಳು, "ನಮ್ಮ ಮುಠಾ ನದಿಗೆ ಹಿಮವೇ ಇಲ್ಲವಲ್ಲ?" ಹೌದು, ಇಲ್ಲ. ಅದರ ಖಡಕವಾಸ್ಲಾ ಅಣೆಕಟ್ಟು ತುಂಬೋದು ಮಳೆಯಿಂದ. ಮಳೆಯ ಕಥೆಗೆ ಇನ್ನೊಂದು ದಿನ ಬರ್ತೀನಿ ಅಂದೆ.

ಆಚೋಗೆ ಒಂದು ಹೊಸ ಟೋಪಿ, ಅವ್ವ ಮಾಡಿದ ಶೇಂಗಾ ಚಟ್ನಿಪುಡಿ ಕಳಿಸಿದ್ದೆ. ಮೊನ್ನೆ ಲೇಹ್‌ಗೆ ಬಂದಾಗ ಫೋನ್ ಮಾಡಿದ. ಖಾರ ಜಾಸ್ತಿ ಅಂದ. ಆಮೇಲೆ ತನಗೆ ಗೊತ್ತಿರುವ ಒಂದೇ ಕನ್ನಡ ಪದವನ್ನು ಹಿಂದಿಗೆ ಸೇರಿಸಿ ಕೇಳಿದ:

"ನೀರು ಆಯಾ, ಮೇಡಂ? ಟ್ಯಾಂಕರ್‌ವಾಲಾ ಆಯಾ?"